ನೂರು ವರ್ಷಕ್ಕೆ ಒಂದು ಮಾರು

ಫೆಬ್ರವರಿ ೯

ನನ್ನ ಪಿಟೀಲಿಗೆ,

ಇಲ್ಲಿ ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಎಂದು ಗೊತ್ತಿರುವುದರಿಂದ ಕೇಳುವುದಿಲ್ಲ. ಕಾಲು ಮುರಿದುಕೊಂಡ ಕಥೆಯನ್ನು ನಿಮ್ಮಮ್ಮ ಹೇಳಿದಳು. ಕಪಾಟಿನ ಮೇಲಿನ ಒಣ ಸೊಪ್ಪಿನ ಕಟ್ಟು ಇಳಿಸಲು ಏಣಿ ಹತ್ತಿ ಬಿದ್ದೆಯಂತೆ. ಅಷ್ಟೆಲ್ಲ ಓದಿ, ಒಣಗಿದ ಗಿಡಗಳನ್ನು ಕಾಗದಕ್ಕೆ ಅಂಟಿಸುವ ಕೆಲಸಕ್ಕೆ ಸೇರಿದಳಲ್ಲ ಎಂದು ಮೊದಲೇ ಆಡಿಕೊಂಡಿದ್ದೆ. ಆ ಕೆಲಸದಲ್ಲೂ ಮೂಳೆ ಮುರಿಯುತ್ತದೆ ಎಂದು ಗೊತ್ತಿರಲಿಲ್ಲ.

ತೊಟ್ಟಿಲಲ್ಲಿ ಪಿಟೀಲಿನ ಹಾಗೆ ಕುಂಯ್‌ಗುಟ್ಟಿ ಆ ಹೆಸರು ಪಡೆದವಳ ಪತ್ರ ಬಂತು. ಪರವಾಗಿಲ್ಲ, ಕಾಲು ಮುರಿದ ಮೇಲಾದರೂ ಅಜ್ಜಿ ನೆನಪಾದಳು. ಊರಿನ ಸಭೆಯಲ್ಲಿ ಅಷ್ಟು ಜನರ ಎದುರು ಎದ್ದು ನಿಂತು "ನಮ್ಮ ಅಜ್ಜಿಗೆ ಏನೂ ಗೊತ್ತಿಲ್ಲ, ಅವರ ಮಾತು ಲೆಕ್ಕಕ್ಕೆ ತಗೋಬೇಡಿ" ಎಂದು ಹೇಳಿ, ಮಾಡಿಟ್ಟ ಅಡುಗೆಯನ್ನೂ ಮುಟ್ಟದೆ ಬಸ್ಸು ಹತ್ತಿದವಳು ನೀನು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಮನೆಯ ಹಿಂದಿನ ಕಾಡು ಕಡಿದು ಅಲ್ಲಿ ಬಸ್ ನಿಲ್ದಾಣ ಕಟ್ಟುತ್ತೇವೆ ಎಂದರು, ಕಟ್ಟಿ ಎಂದೆ. ನನ್ನ ಮಂಡಿ ನಿನಗಿಲ್ಲ. ಬಸ್ಸು ಹಿಡಿಯಲು ಏರು ಹತ್ತಿ ಹೆದ್ದಾರಿಗೆ ಹೋಗುವಷ್ಟರಲ್ಲಿ ನನಗೆ ಈ ಜನ್ಮವೇ ಸಾಕೆನಿಸುತ್ತದೆ.

ಈಗ ನೀನು ಕೇಳುವುದು ಇಷ್ಟು: ಏಪ್ರಿಲ್‌ನಲ್ಲಿ ಪುರಸಭೆಯವರು ಸ್ಥಳ ನೋಡಲು ಬರುತ್ತಾರೆ, ನೋಡಿದ ಮೇಲೆ ಕಡಿಯುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಆ ಕಾಡು ಬಹಳ ಹಳೆಯದು, ಅದರ ಹಳಮೆಯನ್ನು ವಸಂತದ ಹೂಗಳು ಹೇಳುತ್ತವೆ, ನೀನೇ ನಿಂತು ತೋರಿಸಬೇಕೆಂದಿದ್ದೆ, ಈಗ ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ ಕಾಲು ಎತ್ತಿಟ್ಟುಕೊಂಡು ಮಲಗಿದ್ದೀಯ. ನಿನ್ನ ಬದಲಿಗೆ ನಾನು ಹೋಗಿ ನೋಡುತ್ತಿರಬೇಕು. ಫೋನು ಬೇಡ, ಫೋನಿನಲ್ಲಿ ನನಗೆ ಕಿವಿ ಕೇಳದು, ನಿನಗೆ ತಾಳ್ಮೆ ಇರದು.

ಹೋಗುತ್ತೇನೆ. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನಿನ್ನ ಪರವಾಗಿ ಸುಳ್ಳು ಹೇಳಲಾರೆ.

ಗಂಜಿ ಕುಡಿಯುತ್ತಿರುವ ಮೊಮ್ಮಗಳಿಗೆ ಗಟ್ಟಿ ಅನ್ನ ಉಣ್ಣುತ್ತಿರುವ
ಅಜ್ಜಿ


ಫೆಬ್ರವರಿ ೨೧

ಪಿಟೀಲು,

ಹೋಗಿ ಬಂದೆ. ಏನೂ ಇಲ್ಲ.

ಒಬ್ಬಳೇ ಹೋಗಲು ಹೆದರಿಕೆಯಾಗಿ ಎದುರುಮನೆಯ ಟೈಲರಮ್ಮನನ್ನು ಕರೆದುಕೊಂಡು ಹೋದೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೂ ಮಾತಾಡುವವಳು, ಸೂಜಿ ಇಲ್ಲದಿದ್ದರೆ ಕೇಳಬೇಕೇ? ಇಷ್ಟು ವರ್ಷ ಈ ಮನೆಯಲ್ಲಿದ್ದೂ ಆ ಬೇಲಿ ದಾಟಿ ಸೌದೆ ಆರಿಸುವ ಅಂಚಿನಿಂದ ಒಳಗೆ ನಾನು ಹೋಗಿರಲಿಲ್ಲ. ಹೋಗದಿದ್ದುದೇ ಒಳ್ಳೆಯದಿತ್ತು. ಈ ಬೆಟ್ಟದೂರಿನ ಚಳಿಗೆ ಮರಗಳೆಲ್ಲ ಬೋಳು. ಕೆಳಗೆ ಕೊಳೆತ ಎಲೆ, ಮೊಣಕಾಲು ಮಟ್ಟ. ಬಿದ್ದ ಮರಗಳನ್ನು ಬಿದ್ದಲ್ಲೇ ಬಿಟ್ಟಿದ್ದಾರೆ, ಎತ್ತುವವರಿಲ್ಲ, ಕೇಳುವವರಿಲ್ಲ. ನಾನು ಆಯುಷ್ಯವಿಡೀ ಆಸ್ಪತ್ರೆಯ ವಾರ್ಡು ಗುಡಿಸಿದವಳು. ಮಂಚದ ಕಾಲಿನ ಹಿಂದೆ ಒಂದು ಹತ್ತಿ ಉಂಡೆ ಉಳಿದರೂ ಹೆಡ್ ನರ್ಸಮ್ಮ ಕರೆಸಿ ತೋರಿಸುತ್ತಿದ್ದರು. ಅವರೇನಾದರೂ ನಿನ್ನ ಕಾಡನ್ನು ನೋಡಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದರು.

ಒಂದು ಮಾತು ಮಾತ್ರ ಒಪ್ಪಬೇಕು. ಒಳಗೆ ಒಂದು ದೊಡ್ಡ ಮರವಿದೆ. ಟೈಲರಮ್ಮ ಅಭ್ಯಾಸಬಲದಿಂದ ಅದರ ಸುತ್ತಳತೆ ತೆಗೆಯಲು ಟೇಪು ಎಳೆದಳು, ಅರ್ಧಕ್ಕೂ ಬರಲಿಲ್ಲ. ಆಮೇಲೆ ಇಬ್ಬರೂ ಎರಡು ಕಡೆಯಿಂದ ತಬ್ಬಿದೆವು. ಬೆರಳಿಗೆ ಬೆರಳು ಸಿಗಲಿಲ್ಲ. "ಅಮ್ಮಾ, ಇದಕ್ಕೆ ರವಿಕೆ ಹೊಲಿಯೋಕೆ ನನ್ನಿಂದಾಗಲ್ಲ" ಎಂದಳು. ನಕ್ಕು ನಕ್ಕು ಸುಮ್ಮನಾದಾಗ ಗೊತ್ತಾಯಿತು, ಅಲ್ಲಿ ಎಷ್ಟು ಸದ್ದಿಲ್ಲ ಎಂದು. ರೌಂಡ್ಸಿಗೆ ದೊಡ್ಡ ಡಾಕ್ಟರು ಬಂದಾಗ ವಾರ್ಡಿನಲ್ಲಿ ಇರುತ್ತಿತ್ತಲ್ಲ, ಹಾಗೆ.

ಅಷ್ಟೇ. ಹೂವು ಗೀವು ಇಲ್ಲ. ಬಸ್ ನಿಲ್ದಾಣವೇ ವಾಸಿ.

ಅಜ್ಜಿ


ಮಾರ್ಚ್ ೧

ಪ್ರೀತಿಯ ಅಜ್ಜಿಗೆ,

ನೀನು ಹೋದೆಯಲ್ಲ, ಅದಕ್ಕೇ ನನಗೆ ಅರ್ಧ ಕಾಲು ಕೂಡಿಕೊಂಡಂತಾಯಿತು. ಸಭೆಯಲ್ಲಿ ಆಡಿದ ಮಾತಿನ ಬಗ್ಗೆ ಬರೆಯಲು ಕುಳಿತರೆ ಈ ಪತ್ರ ಮುಗಿಯುವುದಿಲ್ಲ. ಎದುರು ಬಂದಾಗ ಬೈಸಿಕೊಳ್ಳುತ್ತೇನೆ.

ಇನ್ನೊಂದು ಸಲ ಹೋಗು. ದೊಡ್ಡ ಮರದ ಬುಡದಲ್ಲಿ ಕೂತು ಆ ಎಲೆಗಳನ್ನು ಕೈಯಿಂದ ಮೆಲ್ಲಗೆ ಸರಿಸು, ಮಗುವಿನ ಹೊದಿಕೆ ಸರಿಸುವ ಹಾಗೆ. ನೋಡಿಯಾದ ಮೇಲೆ ಮತ್ತೆ ಮುಚ್ಚಿಬಿಡು.

ಅಲ್ಲಿ ಮರಗಳು ಚಿಗುರಿದ ಮೇಲೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಚಳಿ ಹೋಗಿ ಎಲೆ ಬರುವುದರ ನಡುವೆ ಕೆಲವೇ ವಾರ ಬೆಳಕು ಸಿಗುತ್ತದೆ. ಆ ಪುಟ್ಟ ಗಿಡಗಳು ಅಷ್ಟರಲ್ಲೇ ಮೇಲೆ ಬಂದು, ಹೂ ಬಿಟ್ಟು, ಇಡೀ ವರ್ಷಕ್ಕಾಗುವ ಅಡುಗೆ ಮಾಡಿ ಬೇರಿನಲ್ಲಿಟ್ಟು, ಬಾಗಿಲು ಹಾಕಿಕೊಳ್ಳಬೇಕು.

ನಿನ್ನ ಪಿಟೀಲು


ಮಾರ್ಚ್ ೨೬

ಪಿಟೀಲು, ನನ್ನ ಮಗಳೇ,

ಈ ಪತ್ರ ಬರೆಯಲು ಎರಡು ಸಲ ಕುಳಿತು ಎದ್ದೆ. ಬೈಯುವುದಾದರೆ ಪೆನ್ನು ತಾನಾಗಿ ಓಡುತ್ತದೆ. ಇಂಥದ್ದನ್ನು ಬರೆದು ನನಗೆ ಅಭ್ಯಾಸವಿಲ್ಲ.

ನಿನ್ನ ಪತ್ರ ಬಂದ ಮೇಲೆ ಮೊದಲ ಸಲ ಹೋದಾಗ ಎಲೆ ಸರಿಸಿದೆ. ಕೆಳಗೆ ದಾರದಂಥ ಹಸಿರು ಕೊಂಡಿಗಳು, ತಲೆ ಬಗ್ಗಿಸಿಕೊಂಡು, ಭುಜದಿಂದ ಬಾಗಿಲು ನೂಕುವವರ ಹಾಗೆ ಮಣ್ಣನ್ನು ನೂಕುತ್ತಿದ್ದವು. ಒಂದು ಕೊಂಡಿಯಂತೂ ಸತ್ತ ಎಲೆಯೊಂದನ್ನು ತೂತು ಮಾಡಿಕೊಂಡು ಮೇಲೆ ಬಂದು, ಆ ಎಲೆಯನ್ನೇ ಕೊರಳಪಟ್ಟಿಯ ಹಾಗೆ ತೊಟ್ಟು ನಿಂತಿತ್ತು. ಹೊಲಿಗೆ ದಾರದಷ್ಟು ಮೆತ್ತಗಿರುವ ಅದಕ್ಕೆ ಆ ಶಕ್ತಿ ಎಲ್ಲಿಂದ ಬಂತೋ! ನೀನು ಹೇಳಿದ ಹಾಗೆ ಮುಚ್ಚಿ ಬಂದೆ.

ನಿನ್ನೆ ಹೋದೆವು. ಬೇಲಿಯಿಂದ ಒಳಗೆ ಕಾಲಿಟ್ಟಾಗ ಮೋಡವಿತ್ತು. ಕೆಳಗೆಲ್ಲ ಏನೋ ಬಿಳಿ ಮೊಗ್ಗುಗಳು ಮುಖ ಮುಚ್ಚಿಕೊಂಡು ನಿಂತಿದ್ದವು. ಇಷ್ಟೇನಾ ಎಂದುಕೊಂಡೆ. ಅಷ್ಟರಲ್ಲಿ ಮೋಡ ಸರಿಯಿತು. ಬೋಳು ಕೊಂಬೆಗಳ ನಡುವಿನಿಂದ ಬಿಸಿಲು ನೇರವಾಗಿ ನೆಲದ ಮೇಲೆ ಬಿತ್ತು. ಏನು ಹೇಳಲಿ ನಿನಗೆ. ಅವು ತೆರೆದುಕೊಳ್ಳತೊಡಗಿದವು. ಒಂದಲ್ಲ, ಹತ್ತಲ್ಲ, ಬಿಸಿಲು ಎಲ್ಲೆಲ್ಲಿ ನಡೆಯಿತೋ ಅಲ್ಲೆಲ್ಲ. ನಾವು ನೋಡುತ್ತ ನಿಂತಷ್ಟು ಹೊತ್ತಿನಲ್ಲಿ ದೊಡ್ಡ ಮರದ ಬುಡದಿಂದ ಕೆಳಗಿನ ತೊರೆಯವರೆಗೆ ನೆಲವೇ ಕಣ್ಣು ಬಿಟ್ಟ ಹಾಗಾಯಿತು. ಎಲ್ಲವೂ ಒಂದೇ ಕಡೆ, ಸೂರ್ಯನ ಕಡೆ ಮುಖ ಮಾಡಿದ್ದವು. ನಡುನಡುವೆ ನೇರಳೆಯೋ ನೀಲಿಯೋ ಹೇಳಲಾಗದ ಬಣ್ಣದ ಕೆಲವು ಗಂಟೆ ಹೂಗಳು. ನಾವಿಬ್ಬರೂ ಒಂದು ಬಿದ್ದ ಮರದ ಮೇಲೆ ಕುಳಿತುಬಿಟ್ಟೆವು. ಆ ಕೊಳೆತ ಮರದ ಮೈಮೇಲೂ ಒಂದು ಹೂವು ಇತ್ತು.

ಟೈಲರಮ್ಮ ಮಾತಾಡಲಿಲ್ಲ. ನೀನು ಅವಳನ್ನು ಬಲ್ಲೆ. ಇದನ್ನು ಎಲ್ಲಾದರೂ ಬರೆದಿಡು.

ಎದ್ದು ಬರುವಾಗ "ಅಮ್ಮಾ, ಇಷ್ಟು ಹತ್ತಿರದಲ್ಲಿ ಇತ್ತಾ ಇದು?" ಎಂದಳು. "ಪಾತ್ರೆ ತೊಳೀತಾ ಈ ಕಡೆಗೆ ಬೆನ್ನು ಮಾಡ್ಕೊಂಡೇ ಇಷ್ಟು ವರ್ಷ ಕಳೆದ್ವಲ್ಲೇ" ಎಂದೆ. ಮನೆಗೆ ಬಂದ ಮೇಲೆ ನೆನಪಾಯಿತು, ಹೋಗುವಾಗ ಬರುವಾಗ ಮಂಡಿ ನೋವು ನನಗೆ ಗೊತ್ತೇ ಆಗಿರಲಿಲ್ಲ.

ಬಸ್ ನಿಲ್ದಾಣದ ವಿಚಾರ ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹಿಗ್ಗಬೇಡ.

ಅಜ್ಜಿ


ಮಾರ್ಚ್ ೩೦

ಅಜ್ಜಿ,

ನಿನ್ನ ಪತ್ರ ಎದೆಯ ಮೇಲಿಟ್ಟುಕೊಂಡು ಮಲಗಿದ್ದೆ. ನಾನು ಅಷ್ಟೊಂದು ವಸಂತ ನೋಡಿಯೂ ಒಂದು ಸಲವೂ ಹೀಗೆ ಬರೆದಿಲ್ಲ.

ನೀನು ಕಂಡ ಬಿಳಿ ಹೂವಿನ ಬೇರು ನೆಲದಡಿಯಲ್ಲಿ ಅಡ್ಡಡ್ಡ ತೆವಳುತ್ತದೆ. ಬೀಜದಿಂದ ಹುಟ್ಟುವುದು ಅಪರೂಪ. ಆ ತೆವಳುವ ವೇಗ ಎಷ್ಟು ಗೊತ್ತೇ? ನೀನು ಎರಡೂ ಕೈ ಚಾಚಿದರೆ ಆಗುವ ಒಂದು ಮಾರು ದೂರ ಹೋಗಲು ಅದಕ್ಕೆ ಸುಮಾರು ನೂರು ವರ್ಷ ಬೇಕು. ದೊಡ್ಡ ಮರದಿಂದ ತೊರೆಯವರೆಗೆ ಎಷ್ಟು ಮಾರು, ಯೋಚಿಸು. ಈ ನಡಿಗೆ ಶುರುವಾದಾಗ ನಮ್ಮ ಊರೂ ಇರಲಿಲ್ಲ, ಅದರ ಹೆಸರೂ ಇರಲಿಲ್ಲ.

"ಒಂದು ಮರಕ್ಕೆ ಎರಡು ಮರ ಬೇರೆ ಕಡೆ ನೆಡುತ್ತೇವೆ" ಎನ್ನುತ್ತಾರೆ ಪುರಸಭೆಯ ಇಂಜಿನಿಯರು. ನೆಡಲಿ, ಬೇಡ ಅನ್ನುವುದಿಲ್ಲ. ಸಸಿಯನ್ನು ನೆಡಬಹುದು, ಈ ನೆಲವನ್ನು ಹೇಗೆ ನೆಡುತ್ತಾರೆ? ಉಳದ, ಕಡಿಯದ, ತುಳಿಯದ ನೆಲದಲ್ಲಿ ಮಾತ್ರ ಇದು ಉಳಿದಿರುತ್ತದೆ. ಆದ್ದರಿಂದಲೇ ಕಾಡು ಹಳೆಯದೋ ಹೊಸದೋ ಎಂದು ತಿಳಿಯಲು ನಾವು ಮೊದಲು ಕೆಳಗೆ ನೋಡುತ್ತೇವೆ.

ಅವರು ಬರುವುದು ಏಪ್ರಿಲ್ ಹದಿನಾಲ್ಕಕ್ಕೆ. ಅಜ್ಜಿ, ನೀನೇ ಕರೆದುಕೊಂಡು ಹೋಗಿ ತೋರಿಸುತ್ತೀಯಾ? ನನಗೆ ಬೇರೆ ಯಾರೂ ಇಲ್ಲ.

ನಿನ್ನ ಪಿಟೀಲು


ಏಪ್ರಿಲ್ ೫

ಪಿಟೀಲು,

ತೋರಿಸದೆ ಏನು! ಎಲ್ಲ ಏರ್ಪಾಡು ಮಾಡಿದ್ದೇನೆ, ನೀನು ನಿಶ್ಚಿಂತೆಯಿಂದ ಮಲಗು.

ಪುರಸಭೆಯ ಅಧ್ಯಕ್ಷೆಯಂಥವರು ಬರುವಾಗ ಅಲ್ಲಿ ಆ ಕಸ ಹಾಗೇ ಇದ್ದರೆ ನಮ್ಮ ಮರ್ಯಾದೆ ಏನಾಗಬೇಕು? ಮನೆಗೆ ಯಾರಾದರೂ ಬರುತ್ತಾರೆಂದರೆ ಅಂಗಳ ಗುಡಿಸದೆ ಇರುತ್ತೇವೆಯೇ? ನಿನ್ನೆ ಬೆಳಿಗ್ಗೆ ಆಸ್ಪತ್ರೆಯ ನನ್ನ ಹಳೆಯ ಜೊತೆಯವರನ್ನು ಕರೆದೆ. ಒಬ್ಬೊಬ್ಬರೂ ಪೊರಕೆಯಲ್ಲಿ ಪಳಗಿದ ಕೈ. ಟೈಲರಮ್ಮ ಯಾರಿಂದಲೋ ಕಬ್ಬಿಣದ ಹಲ್ಲಿರುವ ಗೋರುಕೋಲು ತಂದಳು. ದೊಡ್ಡ ಮರದ ಮುಂದೆ, ಅವರು ಬಂದು ನಿಲ್ಲುವ ಜಾಗದಲ್ಲಿ, ಒಂದು ಕೋಣೆಯಷ್ಟು ಅಗಲ ಎಲೆಯನ್ನೆಲ್ಲ ಗೋರಿ ರಾಶಿ ಹಾಕಿದೆವು. ಬಿದ್ದ ಮರಕ್ಕೆ ಹಗ್ಗ ಕಟ್ಟಿ ಎಳೆದು ಬೇಲಿಯಾಚೆ ಹಾಕಿದೆವು. ಈಗ ನೆಲ ನೋಡಬೇಕು ನೀನು, ಚಾಪೆ ಹಾಸದೆ ಮಲಗಬಹುದು. ಗೋರುವಾಗ ಒಂದಷ್ಟು ಹೂವು ಹೋದವು, ಅದಕ್ಕೇನು, ಆಚೆ ಬೇಕಾದಷ್ಟಿವೆ.

ಹೆಡ್ ನರ್ಸಮ್ಮ ನೋಡಬೇಕಿತ್ತು.

ಅಜ್ಜಿ


ಏಪ್ರಿಲ್ ೮

ಅಜ್ಜಿ,

ಏನು ಮಾಡಿಬಿಟ್ಟೆ. ಆ ಬೇರು ಬೆರಳಿನಷ್ಟೂ ಆಳದಲ್ಲಿರುವುದಿಲ್ಲ. ಆ ಎಲೆಯೇ ಅದರ ಹೊದಿಕೆ. ನೀವು ಗೋರಿದ್ದು ಕಸವನ್ನಲ್ಲ.

ಒಂದು ಮಾರಿಗೆ ನೂರು ವರ್ಷ ಎಂದು ಬರೆದಿದ್ದೆ. ನೀನು ಓದಿದ್ದೆ ತಾನೇ?

ಈಗ ಅವರು ಬಂದು ಬೋಳು ನೆಲ ನೋಡಿ, ಇಲ್ಲೇನಿದೆ ಎಂದು ಕೇಳಿ ಹೋಗುತ್ತಾರೆ. ನನಗೆ ಇನ್ನು ಬರೆಯಬೇಡ.


ಏಪ್ರಿಲ್ ೧೫

ಬರೆಯಬೇಡ ಅಂದಿದ್ದೀಯ. ಇದನ್ನು ಪತ್ರ ಎಂದುಕೊಳ್ಳಬೇಡ. ನೋಡಿದ್ದನ್ನು ನೋಡಿದ ಹಾಗೆ ತಿಳಿಸುತ್ತೇನೆ ಎಂದು ಫೆಬ್ರವರಿಯಲ್ಲಿ ಒಪ್ಪಿಕೊಂಡಿದ್ದೆ, ಅದನ್ನು ತೀರಿಸುತ್ತಿದ್ದೇನೆ.

ನಿನ್ನ ಚೀಟಿ ಬಂದ ದಿನವೇ ಹೋಗಿ ನೋಡಿದೆ. ಗೋರುಕೋಲಿನ ಹಲ್ಲಿನ ಗೀರುಗಳಲ್ಲಿ ಕಂದು ದಾರದಂಥ ಬೇರುಗಳು ತುಂಡಾಗಿ, ಬಿಸಿಲಿಗೆ ಸುರುಟಿಕೊಂಡು ಬಿದ್ದಿದ್ದವು. ಆರಿಸಿ ಮಣ್ಣಿಗೆ ಒತ್ತಿದೆ. ಎಲೆಯ ರಾಶಿಯನ್ನು ಬೊಗಸೆಯಲ್ಲಿ ತಂದು ಹರಡಿದೆ, ಗಾಳಿಗೆ ಅವು ನಿಲ್ಲಲಿಲ್ಲ. ಹಾಗೆ ಮಾಡಿದರೆ ಗಿಡ ಮತ್ತೆ ಬರುವುದಿಲ್ಲ ಎಂದು ನನಗೂ ಗೊತ್ತಾಗುತ್ತಿತ್ತು. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಅನ್ನುತ್ತಾರಲ್ಲ, ಆ ಕೋತಿಗಾದರೂ ಕೈಯಲ್ಲಿ ಗೋರುಕೋಲಿರಲಿಲ್ಲ.

ನಿನ್ನೆ ಅವರು ಬಂದರು. ಅಧ್ಯಕ್ಷೆ, ಇಂಜಿನಿಯರು, ಹಿಂದೆ ಊರಿನ ನಾಲ್ಕು ಜನ, ನನ್ನ ಜೊತೆಗೆ ಟೈಲರಮ್ಮ. ಮೋಡ ಕವಿದಿತ್ತು. ಇಂಜಿನಿಯರು ಒಳ್ಳೆಯ ಮನುಷ್ಯನೇ, ನನ್ನ ಕೈ ಹಿಡಿದು ತೊರೆಯ ಕಡೆ ಇಳಿಸಿದ. ನಮ್ಮ ಬೋಳು ಜಾಗಕ್ಕೆ ಬಂದ ಕೂಡಲೇ ಖುಷಿಯಾಗಿಬಿಟ್ಟ.

"ನೋಡಿ ಮೇಡಂ, ಈ ಜಾಗ ಸಮತಟ್ಟಾಗಿದೆ. ಬಸ್ ತಿರುಗಿಸೋಕೆ ಹೇಳಿ ಮಾಡಿಸಿದ ಹಾಗಿದೆ. ಗಿಡ ಗಂಟಿನೂ ಏನಿಲ್ಲ."

"ಇತ್ತು, ನಾನು ಗುಡಿಸಿದೆ" ಎಂದೆ.

"ಒಳ್ಳೇದೇ ಮಾಡಿದ್ದೀರಿ ಅಜ್ಜಿ."

"ಒಳ್ಳೇದು ಕೆಟ್ಟದ್ದು ಆಮೇಲೆ ಹೇಳಿ. ನೀವೆಲ್ಲ ಬರ್ತೀರಿ ಅಂತ, ಚೊಕ್ಕಟ ಕಾಣ್ಲಿ ಅಂತ ನಾವು ಹೆಂಗಸರು ಒಂದು ಬೆಳಿಗ್ಗೆ ಸೇರಿ ಮಾಡಿದ್ದು ಇದು. ತಿಂಡಿ ಹೊತ್ತಿಗೆಲ್ಲ ಮುಗಿದುಹೋಯ್ತು. ಇಲ್ಲಿದ್ದದ್ದು ಏನು ಅಂತ ಗೊತ್ತಾಗಬೇಕಾದ್ರೆ ಪಕ್ಕಕ್ಕೆ ನೋಡಿ."

ಪಕ್ಕದಲ್ಲಿ ಎಲ್ಲ ಮುಚ್ಚಿಕೊಂಡಿದ್ದವು. ಅವರಿಗೆ ಅದು ಯಾವುದೋ ಕಳೆ. ಅಧ್ಯಕ್ಷೆ ಮರ್ಯಾದೆಗೆ ತಲೆಯಾಡಿಸಿ, "ಮುಂದಿನ ವರ್ಷ ಮತ್ತೆ ಬರುತ್ತಲ್ಲ ಅಜ್ಜಿ, ಗಿಡ ತಾನೇ?" ಎಂದರು.

"ನಾನೂ ಹಾಗೇ ಅಂದ್ಕೊಂಡಿದ್ದೆ. ನನ್ನ ಮೊಮ್ಮಗಳು ಹೇಳಿದ್ಲು, ಅದು ಒಂದು ಮಾರು ನಡೆಯೋಕೆ ನೂರು ವರ್ಷ ಬೇಕಂತೆ" ಎಂದು ಎರಡೂ ಕೈ ಚಾಚಿ ತೋರಿಸಿದೆ. "ಈ ಬೋಳು ಜಾಗದ ನಡುವಿಗೆ ಅದು ವಾಪಸ್ ಬಂದು ಸೇರೋ ಹೊತ್ತಿಗೆ ನನ್ನ ಮರಿಮಗಳೂ ಮುದುಕಿಯಾಗಿ ಹೋಗಿರ್ತಾಳೆ. ಒಂದು ಪೊರಕೆ ಕೆಲಸಕ್ಕೆ ಇಷ್ಟು. ನಿಮ್ಮ ಬುಲ್ಡೋಜರ್‌ಗೆ ಎಷ್ಟಾಗುತ್ತೋ ನೀವೇ ಹೇಳಿ."

ಇಂಜಿನಿಯರು ನಕ್ಕ. "ಅಜ್ಜಿ, ಸಭೇಲಿ ನೀವೇ ಅಲ್ವಾ ಬಸ್ ನಿಲ್ದಾಣ ಬೇಕು ಅಂತ ಎಲ್ಲರಿಗಿಂತ ಜೋರಾಗಿ ಕೂಗಿದ್ದು? ಈಗ ಮಾತು ಬದಲಾಯಿಸಿದ್ರಿ."

"ಬದಲಾಯಿಸಿದೆ. ಅದು ನೋಡದೆ ಆಡಿದ ಮಾತು. ನನ್ನ ಮಂಡಿ ಇವತ್ತೂ ನಿಮ್ಮ ಪಕ್ಷಾನೇ. ನಿಲ್ದಾಣ ಬೇಕು, ಊರಾಚೆ ಹಳೇ ಗೋದಾಮಿನ ಹತ್ತಿರ ಕಟ್ಟಿ."

"ಅದು ನಿಮ್ಮ ಮನೆಗೆ ಹೆದ್ದಾರಿಗಿಂತ ದೂರ ಆಗುತ್ತೆ!"

"ಗೊತ್ತಪ್ಪ. ನಡೆಯೋಳು ನಾನು ತಾನೇ?"

ಅಷ್ಟು ಹೇಳುವಾಗ ಬೆಳಕು ಬಂತು. ನಾನು ಕರೆಸಿದ್ದಲ್ಲ, ನಾನು ಬೇಡಿಕೊಂಡೂ ಇರಲಿಲ್ಲ. ಆ ದಿನ ನಾವಿಬ್ಬರೂ ಕಂಡದ್ದೇ ಮತ್ತೆ ಆಯಿತು. ಬೋಳು ಜಾಗದ ಅಂಚಿನಿಂದ ಶುರುವಾಗಿ ಮರಗಳ ನಡುವೆ, ಬೇರುಗಳ ಸಂದಿಯಲ್ಲಿ, ತೊರೆಯ ದಂಡೆಯವರೆಗೆ ಒಂದೊಂದಾಗಿ ತೆರೆದುಕೊಂಡು ನೆಲವೆಲ್ಲ ಬೆಳ್ಳಗಾಯಿತು. ಅಧ್ಯಕ್ಷೆ ಸೆರಗನ್ನು ಹೊಟ್ಟೆಗೆ ಒತ್ತಿಕೊಂಡು, ಬಿಸಿಲು ನಡೆಯುವ ಕಡೆಗೇ ನೋಡುತ್ತ ನಿಂತಿದ್ದರು. ನಮ್ಮ ಕಾಲಡಿಯ ಜಾಗ ಮಾತ್ರ ಸುಟ್ಟ ಗಾಯದ ಹಾಗೆ ಕಪ್ಪಗೆ ಉಳಿದಿತ್ತು. ಅದನ್ನು ತೋರಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಇಂಜಿನಿಯರು ಅಳತೆ ನೋಡಲು ಆಚೆ ಹೋಗಿದ್ದ. ಸುತ್ತ ಅರಳಿದ ಮೇಲೆ ತನ್ನ ಬೂಟಿನಡಿ ನೋಡಿಕೊಂಡ. ಒಂದು ಕಾಲು ಎತ್ತಿದ, ಇಡಲು ಜಾಗ ಕಾಣಲಿಲ್ಲ. ಎತ್ತಿದ ಕಾಲನ್ನು ಹಾಗೇ ಹಿಡಿದುಕೊಂಡು ಕೊಕ್ಕರೆಯ ಹಾಗೆ ನಿಂತ. "ಸಾರ್, ಹೇಗೂ ನಿಂತಿದ್ದೀರಿ, ಪ್ಯಾಂಟಿನ ಅಳತೆ ತಗೊಳ್ಳಲಾ?" ಎಂದಳು ಟೈಲರಮ್ಮ. ಅಧ್ಯಕ್ಷೆಯೇ ಮೊದಲು ನಕ್ಕರು. ಅವನು ಬಂದ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಹಿಂದಕ್ಕೆ ಬಂದ. ಆಮೇಲೆ ಅಳತೆಯ ಮಾತಾಡಲಿಲ್ಲ.

ಏನು ತೀರ್ಮಾನವಾಗುತ್ತದೋ ಗೊತ್ತಿಲ್ಲ.

ಇಷ್ಟೇ ನಡೆದದ್ದು. ಕಾಲಿಗೆ ಭಾರ ಹಾಕಬೇಡ.

ಅಜ್ಜಿ


ಮೇ ೨೨

ಪಿಟೀಲು,

ನೀನು ಬರೆಯಲಿಲ್ಲ. ನಾನೂ ಕಾದೆ. ಸುದ್ದಿ ನಿನ್ನದಾದ್ದರಿಂದ ಬರೆಯುತ್ತಿದ್ದೇನೆ, ನನ್ನ ಮೇಲಿನ ಸಿಟ್ಟನ್ನು ಹಾಗೇ ಇಟ್ಟುಕೊಂಡು ಓದು.

ನಿಲ್ದಾಣ ಗೋದಾಮಿನ ಹತ್ತಿರ ಆಗುತ್ತದೆ. ಕಾಡು ಮುಟ್ಟುವುದಿಲ್ಲ. ಪುರಸಭೆಯ ಬಾಗಿಲಿಗೆ ಅಂಟಿಸಿದ್ದನ್ನು ಟೈಲರಮ್ಮ ಓದಿ ಬಂದು, ಮೆಟ್ಟಿಲಿನಿಂದಲೇ ಕೂಗಿದಳು. ನಾನು ನಂಬದೆ ಹೋಗಿ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ.

ಅಲ್ಲಿಂದ ನೇರ ಕಾಡಿಗೆ ಹೋದೆ. ಈಗ ಮೇಲೆಲ್ಲ ಎಲೆ ಕೂಡಿಕೊಂಡು ಒಳಗೆ ನೀರಿನಡಿಯ ಬೆಳಕು. ಬಿಳಿ ಹೂವು ಒಂದೂ ಇಲ್ಲ. ಎಲೆ ಕೂಡ ಹಳದಿಯಾಗಿ ಮಣ್ಣಿಗೆ ಸೇರಿದೆ. ಈಗ ಮೊದಲ ಸಲ ಬಂದವರು ಇಲ್ಲೇನಿದೆ ಎಂದು ಕೇಳಿದರೆ ತಪ್ಪಿಲ್ಲ, ನಾನೂ ಕೇಳಿದವಳೇ. ಕಾಲಡಿಯಲ್ಲಿ ಅಷ್ಟೊಂದು ಜೀವ ಬಾಗಿಲು ಹಾಕಿಕೊಂಡು ಮಲಗಿದೆ ಎಂದು ಗೊತ್ತಾದ ಮೇಲೆ ಹೆಜ್ಜೆ ಎತ್ತಿಡುವುದೇ ಬೇರೆ ಆಗುತ್ತದೆ. ವಾರ್ಡಿನಲ್ಲಿ ರೋಗಿಗಳು ನಿದ್ದೆ ಮಾಡುವಾಗ ಬಕೆಟ್ಟು ಸದ್ದಾಗದಂತೆ ನಡೆಯುತ್ತಿದ್ದೆನಲ್ಲ, ಹಾಗೆ ನಡೆದೆ.

ನಾವು ಕೆಡಿಸಿದ ಜಾಗದ ಅಂಚಿಗೆ ಒಂದು ಗೂಟ ಹೊಡೆದಿದ್ದೇನೆ. ಬಿಳಿ ಹೂವಿನ ಕೊನೆಯ ಗಿಡ ಎಲ್ಲಿತ್ತೋ ಸರಿಯಾಗಿ ಅಲ್ಲಿಗೆ.

ಅಜ್ಜಿ


ಜೂನ್ ೨

ಅಜ್ಜಿ,

ಎಷ್ಟು ಸಲ ಬರೆದು ಹರಿದೆನೋ. ನಾನು ಅಲ್ಲಿದ್ದಿದ್ದರೆ ಅವರಿಗೆ ಹೂವಿನ ಬಗ್ಗೆ ದೊಡ್ಡ ಭಾಷಣ ಮಾಡುತ್ತಿದ್ದೆ. ಅವರು ಗಡಿಯಾರ ನೋಡುತ್ತಿದ್ದರು.

ಪ್ಲಾಸ್ಟರ್ ತೆಗೆದರು. ಕಾಲು ಸೌತೆಕಾಯಿಯ ಹಾಗಿದೆ. ಭಾನುವಾರ ಕೋಲೂರಿಕೊಂಡು ಬರುತ್ತೇನೆ. ಈ ಸಲ ಅಡುಗೆ ಮುಟ್ಟದೆ ಹೋಗುವುದಿಲ್ಲ.

ನಿನ್ನ ಪಿಟೀಲು


ಮರುವರ್ಷ, ಮಾರ್ಚ್ ೨೭

ಪಿಟೀಲು,

ಇವತ್ತು ನಾನೂ ಟೈಲರಮ್ಮನೂ ಕಾಡಿನಲ್ಲಿ ಹೊಟ್ಟೆಯ ಮೇಲೆ ಮಲಗಿದ್ದೆವು. ನೀನು ಜೂನಿನಲ್ಲಿ ಬಂದಾಗ ತೋರಿಸಿದೆನಲ್ಲ ಗೂಟ, ಅದರ ಪಕ್ಕ. ಹತ್ತಿರ ಹೋಗದೆ ಕಾಣುವುದಿಲ್ಲ, ಬಗ್ಗಲು ಮಂಡಿ ಬಿಡುವುದಿಲ್ಲ, ಅದಕ್ಕೇ ಮಲಗಿದೆವು.

ಗೂಟದಿಂದ ಈಚೆಗೆ, ಬೋಳು ಮಣ್ಣಿನಲ್ಲಿ, ಒಂದು ಕೊಂಡಿ ತಲೆ ಎತ್ತಿದೆ. ಗೂಟಕ್ಕೂ ಅದಕ್ಕೂ ನಡುವೆ ನನ್ನ ಕಿರುಬೆರಳನ್ನು ಅಡ್ಡ ಇಟ್ಟು ನೋಡಿದೆ, ಅಷ್ಟೇ ಜಾಗ. ಒಂದು ವರ್ಷವಿಡೀ ಮಣ್ಣಿನ ಕತ್ತಲಲ್ಲಿ ನಡೆದು ಬಂದದ್ದು ಇಷ್ಟು. ಮೊಗ್ಗು ಇನ್ನೂ ಮುಖ ಮುಚ್ಚಿಕೊಂಡಿತ್ತು. ನಾವು ಕಾದೆವು. ಬಿಸಿಲು ಬಂತು, ಮೊಗ್ಗು ಬಿಚ್ಚಿತು. ಅಂಗೈಯಗಲವೂ ಇಲ್ಲದ ಒಂದು ಹೂವು. ನಾವು ಮಾಡಿದ ಗಾಯದ ಮೇಲೆ ಕೂತು, ಏನೂ ಆಗಿಲ್ಲವೆಂಬಂತೆ ಸೂರ್ಯನನ್ನು ನೋಡುತ್ತಿತ್ತು. ಟೈಲರಮ್ಮ ಅಳುತ್ತಿದ್ದಳು. ನಾನು ಅಳಲಿಲ್ಲ, ಮಣ್ಣು ಕಣ್ಣಿಗೆ ಹೋಗಿತ್ತು.

ಆಮೇಲೆ ಇಬ್ಬರಿಗೂ ಏಳಲು ಬರಲಿಲ್ಲ. ಒಬ್ಬರನ್ನೊಬ್ಬರು ಹಿಡಿದು ಎದ್ದು, ಮತ್ತೆ ಬಿದ್ದು, ಬೀಳುವಾಗ ಹೂವಿನ ಮೇಲೆ ಬೀಳಬಾರದೆಂದು ಮುಳ್ಳಿನ ಕಡೆಗೇ ಬಿದ್ದೆವು.

ರಜೆ ಸಿಕ್ಕ ಕೂಡಲೇ ಹೊರಟು ಬಾ. ಹೊಸ ನಿಲ್ದಾಣಕ್ಕೆ ನಾನೇ ಬಂದು ನಿಂತಿರುತ್ತೇನೆ, ನಡುವೆ ಎಲ್ಲಾದರೂ ಕೂತು ಸುಧಾರಿಸಿಕೊಂಡಾದರೂ ಸರಿ. ಹೂವಿಗೇನೂ ಅವಸರವಿಲ್ಲ. ನನಗಿದೆ.

ಅಜ್ಜಿ